ಸ್ಪಂಜು, ಶಿಲುಬೆ ಮತ್ತು ದ್ವೀಪದ ನಂಟು: ಟಾರ್ಪನ್ ಸ್ಪ್ರಿಂಗ್ಸ್‌ನ ಗ್ರೀಕ್ ವಲಸಿಗರ ಹಬ್ಬ

ಅಮೆರಿಕದ ಫ್ಲೋರಿಡಾ ರಾಜ್ಯದ ಪಶ್ಚಿಮ ಕರಾವಳಿಯಲ್ಲಿರುವ ಟಾರ್ಪನ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ ಪ್ರತಿ ಜನವರಿ 6ರಂದು ನಡೆಯುವ ಎಪಿಫನಿ ಹಬ್ಬವು ಜೋರ್ಡಾನ್ ನದಿಯಲ್ಲಿ ಯೇಸು ಪಡೆದ ದೀಕ್ಷಾಸ್ನಾನದ ಸ್ಮರಣೆಯಾಗಿದ್ದು, ಅದನ್ನು ಗ್ರೀಕ್ ಆರ್ಥೊಡಾಕ್ಸ್ ಪಂಥದ ಆಚರಣೆಯೆಂದಷ್ಟೇ ವಿವರಿಸುವುದು ವಾಡಿಕೆ. ಆದರೆ ಅದು ಬೆಳೆದು ಬಂದ ಬಗೆಯನ್ನು ಪರಿಶೀಲಿಸಿದರೆ, ಏಜಿಯನ್ ಸಮುದ್ರದ ಡೊಡೆಕನೀಸ್ ದ್ವೀಪಗಳಿಂದ ಬಂದ ಸ್ಪಂಜು ಮುಳುಗುಗಾರರ ಕಸುಬಿನ ಚರಿತ್ರೆಯೂ ಅದರಲ್ಲಿ ಬೆರೆತಿರುವುದು ಕಾಣುತ್ತದೆ.

ಸ್ಪಂಜು ಸಮುದ್ರತಳಕ್ಕೆ ಅಂಟಿಕೊಂಡು ಬದುಕುವ ಒಂದು ಜೀವಿ. ಫ್ಲೋರಿಡಾದಲ್ಲಿ ಮೊದಲು ಅದನ್ನು ದೋಣಿಯಲ್ಲಿ ಕುಳಿತೇ ಉದ್ದನೆಯ ಕೊಕ್ಕೆಗೋಲಿನಿಂದ ಕಿತ್ತು ತೆಗೆಯುತ್ತಿದ್ದುದರಿಂದ ಆಳದ ನೀರಿನ ಸಂಪತ್ತು ಕೈಗೆಟುಕುತ್ತಿರಲಿಲ್ಲ. ಗ್ರೀಸ್‌ನ ಪೆಲೊಪೊನೀಸ್ ಮೂಲದ ಜಾನ್ ಕೊಕೊರಿಸ್ 1905ರಲ್ಲಿ ಲೋಹದ ಶಿರಸ್ತ್ರಾಣ, ರಬ್ಬರ್ ಉಡುಪು ಮತ್ತು ಗಾಳಿಯ ಪಂಪುಗಳುಳ್ಳ ಮುಳುಗುವ ವಿಧಾನವನ್ನು ಇಲ್ಲಿಗೆ ತಂದ ಮೇಲೆ, ಆ ವಿದ್ಯೆಯಲ್ಲಿ ಪಳಗಿದ್ದ, ಡೊಡೆಕನೀಸ್ ಗುಂಪಿನ ಕಾಲಿಮ್ನೋಸ್, ಸಿಮಿ, ಹಾಲ್ಕಿ ದ್ವೀಪಗಳ ಜನರು ನೂರಾರು ಸಂಖ್ಯೆಯಲ್ಲಿ ಬಂದು ನೆಲೆಸಿದರು. ಈ ದ್ವೀಪಗಳು 1912ರವರೆಗೆ ಒಟ್ಟೋಮನ್ ಆಳ್ವಿಕೆಯಲ್ಲೂ ಅನಂತರ ಇಟಲಿಯ ಹಿಡಿತದಲ್ಲೂ ಇದ್ದು, ಗ್ರೀಸ್‌ನೊಂದಿಗೆ ವಿಧ್ಯುಕ್ತವಾಗಿ ಸೇರಿದ್ದು 1948ರಲ್ಲಿ. ಎಂದರೆ ಈ ವಲಸಿಗರಲ್ಲಿ ಬಹಳಷ್ಟು ಮಂದಿ ಗ್ರೀಕ್ ರಾಜ್ಯದ ಪ್ರಜೆಗಳೇ ಆಗಿರಲಿಲ್ಲ. ಅವರ ಗ್ರೀಕ್‌ತನಕ್ಕೆ ಊರು, ಚರ್ಚು ಮತ್ತು ಕಸುಬುಗಳೇ ಆಧಾರವಾಗಿದ್ದವು ಎಂಬುದನ್ನು ಮರೆತರೆ ಹಬ್ಬದ ಸ್ವರೂಪ ಅರ್ಥವಾಗುವುದಿಲ್ಲ.

1906ರಲ್ಲಿ ಆರಂಭವಾದ ಈ ಹಬ್ಬದಲ್ಲಿ ಸಂತ ನಿಕೊಲಸ್ ಚರ್ಚಿನ ಪೂಜಾವಿಧಿಯ ಬಳಿಕ ಮೆರವಣಿಗೆಯು ಸ್ಪ್ರಿಂಗ್ ಬಯೂ ಎಂಬ ಹಿನ್ನೀರಿನ ದಡಕ್ಕೆ ಬರುತ್ತದೆ. ಧರ್ಮಗುರುಗಳು ಬಿಳಿಯ ಶಿಲುಬೆಯನ್ನು ನೀರಿಗೆ ಎಸೆದೊಡನೆ 16ರಿಂದ 18 ವರ್ಷದ ಹುಡುಗರು ಧುಮುಕಿ ಹುಡುಕುತ್ತಾರೆ, ಅದು ಸಿಕ್ಕವನಿಗೆ ವರ್ಷವಿಡೀ ದೈವಕೃಪೆ ಇರುವುದೆಂಬ ನಂಬಿಕೆಯಿದೆ. ಶಿಲುಬೆ ಎಸೆಯುವ ರೂಢಿ ಗ್ರೀಕರು ನೆಲೆಸಿದ ಬೇರೆಡೆಗಳಲ್ಲೂ ಉಂಟು. ಮುಳುಗುವುದೇ ಜೀವನೋಪಾಯವಾಗಿದ್ದ ಸಮುದಾಯದಲ್ಲಿ ಅದು ವೃತ್ತಿಯ ಸಾಹಸವನ್ನು ಎಳೆಯರಿಗೆ ದಾಟಿಸುವ ವಿಧಿಯೂ ಆಯಿತೆಂದು ವಾದಿಸಬಹುದು. ಕಾಲಿಮ್ನೋಸ್‌ನವರ 'ಮಿಹನಿಕೋಸ್' ಕುಣಿತ ಈ ವಾದಕ್ಕೆ ಬಲ ಕೊಡುತ್ತದೆ: ಆಳದಿಂದ ಅವಸರದಲ್ಲಿ ಮೇಲೇರಿದಾಗ ಒತ್ತಡದ ಏರುಪೇರಿನಿಂದ ಅಂಗಗಳ ಸ್ವಾಧೀನ ತಪ್ಪಿದ ಮುಳುಗುಗಾರನನ್ನು ಅನುಕರಿಸುತ್ತ, ಮುಂದಾಳು ಊರುಗೋಲು ಹಿಡಿದು ನಡುಗುವ ಕಾಲುಗಳಿಂದ ಹೆಜ್ಜೆ ಹಾಕುತ್ತಾನೆ. ಕಸುಬು ಕೊಟ್ಟ ಅನ್ನವನ್ನು ಕೊಂಡಾಡುವ ಜನ ಅದು ಕಿತ್ತುಕೊಂಡದ್ದನ್ನೂ ಕುಣಿತಕ್ಕೆ ತಂದಿರುವುದು ವಿರಳ ಸಂಗತಿ.

1940ರ ದಶಕದಲ್ಲಿ ಕಡಲಿನ ರೋಗಬಾಧೆಯಿಂದ ಸ್ಪಂಜುಗಳು ನಾಶವಾಗಿ, ಕೃತಕ ಸ್ಪಂಜು ಮಾರುಕಟ್ಟೆಯನ್ನು ಆಕ್ರಮಿಸಿದಾಗ ಉದ್ಯಮ ಕುಗ್ಗಿತು. ಹಬ್ಬ ಮಾತ್ರ ಕುಗ್ಗಲಿಲ್ಲ. ಪ್ರವಾಸೋದ್ಯಮದ ಪಾಲು ಇದರಲ್ಲಿ ಇದ್ದೇ ಇದೆ. ಹಾಗಿದ್ದರೂ 2006ರ ಶತಮಾನೋತ್ಸವಕ್ಕೆ ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್, ಅಂದರೆ ಆರ್ಥೊಡಾಕ್ಸ್ ಲೋಕದ ಅಗ್ರಗಣ್ಯ ಧರ್ಮಾಧ್ಯಕ್ಷರಾದ ಬಾರ್ತೊಲೊಮ್ಯೂ ಅವರೇ ಬಂದದ್ದು, 2014ರಲ್ಲಿ ಇಲ್ಲಿನ ಗ್ರೀಕ್ ಕೇರಿಯು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿದ್ದು, ಈ ಆಚರಣೆಯನ್ನು ಬರಿಯ ಪ್ರದರ್ಶನವೆಂದು ತಳ್ಳಿಹಾಕದಂತೆ ಮಾಡುತ್ತವೆ; ಆ ಪಟ್ಟಿಯಲ್ಲಿ ಕೇರಿಗೆ ದೊರೆತ ವರ್ಗವೂ 'ಪಾರಂಪರಿಕ ಸಾಂಸ್ಕೃತಿಕ ತಾಣ', ಎಂದರೆ ಕಟ್ಟಡಗಳ ಜೊತೆಗೆ ಸಮುದಾಯದ ರೂಢಿಗಳಿಗೂ ಮನ್ನಣೆ ನೀಡುವಂಥದ್ದು.