ಕಾಡುದಾರಿಯ ವಾಹನ, ಹೆದ್ದಾರಿಯ ವೇಗ: ಟೈರಿನ ಗಾಳಿಯ ಒತ್ತಡವನ್ನು ನಿರ್ಧರಿಸುವ ಬಗೆ

ಸಾರಾಂಶ

ಗುಡ್ಡ, ಮರಳು, ಕೆಸರಿನಲ್ಲಿ ಓಡಲೆಂದು ರೂಪಿಸಿದ ವಾಹನಗಳು ಹೆಚ್ಚಾಗಿ ಓಡುವುದು ಡಾಂಬರು ರಸ್ತೆಯಲ್ಲೇ. ಹೆದ್ದಾರಿಯಲ್ಲಿ ಅವುಗಳ ಟೈರಿಗೆ ಎಷ್ಟು ಗಾಳಿ ಬೇಕು ಎಂಬ ಪ್ರಶ್ನೆಯನ್ನು ಅಮೆರಿಕದ ಫೋರ್ಡ್ ಎಕ್ಸ್‌ಪ್ಲೋರರ್–ಫೈರ್‌ಸ್ಟೋನ್ ಪ್ರಕರಣದ ಬೆಳಕಿನಲ್ಲಿ ಈ ಲೇಖನ ಪರಿಶೀಲಿಸುತ್ತದೆ. ಒತ್ತಡವನ್ನು ಮೊದಲು ನಿರ್ಧರಿಸಬೇಕಾದದ್ದು ಹೊರೆ ಮತ್ತು ಶಾಖ. ಸವಾರಿಯ ಸುಖವೂ ವಾಹನದ ವರ್ತನೆಯೂ ಆಮೇಲಿನ ಮಾತು ಎಂಬುದು ಇಲ್ಲಿನ ವಾದ.

1. ಪ್ರಶ್ನೆಯ ಸ್ವರೂಪ

ಮರಳಿನಲ್ಲಿ ಹೂತುಹೋಗದಿರಲು ಚಾಲಕರು ಟೈರಿನ ಗಾಳಿಯನ್ನು 15–18 ಪಿಎಸ್‌ಐವರೆಗೆ ಇಳಿಸುವುದು ರೂಢಿ. ಗಾಳಿ ಇಳಿದ ಟೈರ್ ನೆಲದ ಮೇಲೆ ಉದ್ದಕ್ಕೆ ಹರಡಿಕೊಂಡು ಭಾರವನ್ನು ಹಂಚುತ್ತದೆ. ಕಲ್ಲು ಎದುರಾದರೆ ಅದರ ಆಕಾರಕ್ಕೆ ಬಾಗುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಅನುಕೂಲವಾಗಿರುವ ಈ ಬಾಗುವಿಕೆಯೇ 100 ಕಿ.ಮೀ. ವೇಗದಲ್ಲಿ ಅಪಾಯಕ್ಕೆ ಮೂಲ. ಒಂದೇ ಟೈರಿನಿಂದ ಎರಡು ವಿರುದ್ಧ ಗುಣಗಳನ್ನು ಬಯಸುವ ವಾಹನಕ್ಕೆ ಒಂದೇ ಒತ್ತಡ ಸಾಲದು.

2. ಟೈರಿನೊಳಗೆ ಶಾಖ ಹುಟ್ಟುವ ಬಗೆ

ಟೈರ್ ಉರುಳುವಾಗ ನೆಲ ತಾಗಿದ ಭಾಗ ಚಪ್ಪಟೆಯಾಗಿ, ಮೇಲೆದ್ದೊಡನೆ ಮತ್ತೆ ದುಂಡಗಾಗುತ್ತದೆ. ಬಾಗುವಾಗ ಪಡೆದ ಶಕ್ತಿಯನ್ನೆಲ್ಲ ರಬ್ಬರ್ ಹಿಂದಿರುಗಿಸುವುದಿಲ್ಲ; ಉಳಿದದ್ದು ಶಾಖವಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಗ್ಗಿದ ಜಾಗ ಬಿಸಿಯಾಗುವಂತೆಯೇ ಇದು. ಎಕ್ಸ್‌ಪ್ಲೋರರ್‌ಗೆ ಹಾಕುತ್ತಿದ್ದ 235/75 ಆರ್15 ಅಳತೆಯ ಟೈರಿನ ಸುತ್ತಳತೆ ಸುಮಾರು 2.3 ಮೀಟರ್. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 12 ಸುತ್ತು, ಗಂಟೆಗೆ 43 ಸಾವಿರಕ್ಕೂ ಹೆಚ್ಚು ಸುತ್ತು ಸುತ್ತುತ್ತದೆ. ಗಾಳಿ ಕಡಿಮೆಯಾದಷ್ಟೂ ಪ್ರತಿ ಸುತ್ತಿನ ಬಾಗು ಹೆಚ್ಚು. ಹೊರೆ ಏರಿದಷ್ಟೂ ಇನ್ನೂ ಹೆಚ್ಚು. ಕಾಡುದಾರಿಯ ಟೈರುಗಳ ದಪ್ಪ ಗುಬುಟುಗಳಲ್ಲಿ ರಬ್ಬರ್ ಜಾಸ್ತಿ ಇರುವುದರಿಂದ ಹುಟ್ಟುವ ಶಾಖವೂ ಜಾಸ್ತಿ, ಅದು ಹೊರಹೋಗುವ ದಾರಿಯೂ ನಿಧಾನ. ಈ ಶಾಖದ ಪೆಟ್ಟು ಮೊದಲು ಬೀಳುವುದು ಉಕ್ಕಿನ ಬೆಲ್ಟುಗಳ ಅಂಚಿಗೆ. ಅಲ್ಲಿ ಹುಟ್ಟಿದ ಸಣ್ಣ ಬಿರುಕು ಎರಡು ಬೆಲ್ಟುಗಳ ನಡುವೆ ಹಬ್ಬಿದರೆ ಟ್ರೆಡ್ ಇಡಿಯಾಗಿ ಕಿತ್ತುಬರುತ್ತದೆ.

3. ಎಕ್ಸ್‌ಪ್ಲೋರರ್ ಪ್ರಕರಣ: 26 ಪಿಎಸ್‌ಐನ ಬೆಲೆ

1990ರಲ್ಲಿ ಮಾರುಕಟ್ಟೆಗೆ ಬಂದ ಎಕ್ಸ್‌ಪ್ಲೋರರ್‌ಗೆ ಫೋರ್ಡ್ ಸೂಚಿಸಿದ್ದು 26 ಪಿಎಸ್‌ಐ. ಬಿಡುಗಡೆಗೆ ಮುನ್ನ ನಡೆದ ಪರೀಕ್ಷೆಗಳಲ್ಲಿ ವಾಹನ ಪಲ್ಟಿಯಾಗುವ ಪ್ರವೃತ್ತಿಯನ್ನು ತಗ್ಗಿಸಲು ಕೈಗೊಂಡ ಬದಲಾವಣೆಗಳಲ್ಲಿ ಒತ್ತಡ ಇಳಿಸಿದ್ದೂ ಒಂದು. ಹೊರೆಯ ಲೆಕ್ಕದಲ್ಲಿ 26 ಪಿಎಸ್‌ಐ ನಿಯಮಬಾಹಿರವಾಗಿರಲಿಲ್ಲ. ಆದರೆ ಅದು ಉಳಿಸಿದ ಅಂತರ ತೀರ ಕಿರಿದಾಗಿತ್ತು: ತಿಂಗಳುಗಟ್ಟಲೆ ಗಾಳಿ ನೋಡದೆ ಬಿಟ್ಟರೆ 26 ಇದ್ದದ್ದು 20ರ ಆಸುಪಾಸಿಗೆ ಬರಲು ಹೆಚ್ಚು ಕಾಲ ಬೇಕಿರಲಿಲ್ಲ.

ಟ್ರೆಡ್ ಕಿತ್ತುಬಂದ ಪ್ರಕರಣಗಳ ಬೆನ್ನಿಗೆ 2000ದ ಆಗಸ್ಟ್ 9ರಂದು ಟೈರ್ ತಯಾರಕ ಫೈರ್‌ಸ್ಟೋನ್ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಯಿತು. ಎಕ್ಸ್‌ಪ್ಲೋರರ್‌ಗೆ 30 ಪಿಎಸ್‌ಐ ಇರಬೇಕು ಎಂದು ಕಂಪನಿ ಪಟ್ಟುಹಿಡಿಯಿತು. ಈ ಟೈರುಗಳಿಗೆ ಸಂಬಂಧಿಸಿ ಅಮೆರಿಕದಲ್ಲಿ 271 ಸಾವುಗಳು ಅಲ್ಲಿನ ಹೆದ್ದಾರಿ ಸುರಕ್ಷತಾ ಆಡಳಿತದ ದಾಖಲೆಯಲ್ಲಿವೆ. ವೈಫಲ್ಯಗಳು ದಟ್ಟವಾಗಿದ್ದದ್ದು ಅರಿಜೋನ, ಟೆಕ್ಸಸ್, ಫ್ಲಾರಿಡ, ಕ್ಯಾಲಿಫೋರ್ನಿಯದಂಥ ಬಿಸಿಲಿನ ರಾಜ್ಯಗಳಲ್ಲಿ. ಫೈರ್‌ಸ್ಟೋನ್ ಕೋರಿಕೆಯ ಮೇರೆಗೆ ಅಧ್ಯಯನ ನಡೆಸಿದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಜಯ್ ಗೋವಿಂದಜೀ 2001ರಲ್ಲಿ ಕೊಟ್ಟ ವರದಿ ಒಂದೇ ಕಾರಣಕ್ಕೆ ಬೆರಳು ತೋರಿಸಲಿಲ್ಲ. ಟೈರಿನ ವಿನ್ಯಾಸ, ಕಂಪನಿಯ ಡೆಕಾಟುರ್ ಕಾರ್ಖಾನೆಯಲ್ಲಿ ರಬ್ಬರ್ ಹದಗೊಳಿಸುತ್ತಿದ್ದ ಕ್ರಮ, ಹವೆಯ ಬಿಸಿ, ವೇಗ, ಹೊರೆ, ಕಡಿಮೆ ಒತ್ತಡ ಎಲ್ಲವೂ ಕೂಡಿದ್ದವು.

ನಮ್ಮ ವಾದಕ್ಕೆ ಈ ಕೂಡುವಿಕೆಯೇ ಮುಖ್ಯ. ಟೈರ್ ಮಾಡುವ ಕ್ರಮ, ಹವೆ ಇವೆರಡೂ ಚಾಲಕನ ಕೈಯಲ್ಲಿಲ್ಲ. ಅವನ ಕೈಯಲ್ಲಿರುವುದು ಗಾಳಿ, ಹೊರೆ, ವೇಗ. ಮೂರರಲ್ಲಿ ಅತ್ಯಂತ ಅಗ್ಗವಾಗಿ ಸರಿಪಡಿಸಬಹುದಾದದ್ದು ಗಾಳಿ. ಉಳಿದೆಲ್ಲ ದೋಷಗಳಿಗೆ ತಡೆಯಾಗಿ ನಿಲ್ಲುವ ಅಂತರವನ್ನು ಕೊಡುವುದೂ ಅದೇ.

4. ತಣ್ಣನೆಯ ಅಳತೆ, ಬಿಸಿ ಅಳತೆ

ಬೇಸಿಗೆಯಲ್ಲಿ ಗಾಳಿ ಹಿಗ್ಗುತ್ತದೆ, ಹಾಗಾಗಿ ಹೆದ್ದಾರಿಗೆ ಹೋಗುವಾಗ ಎರಡು ಪಾಯಿಂಟ್ ಕಮ್ಮಿ ಹಾಕಿಸಬೇಕು ಎಂಬ ಮಾತು ನಮ್ಮ ಪಂಕ್ಚರ್ ಅಂಗಡಿಗಳಲ್ಲೂ ಪೆಟ್ರೋಲ್ ಬಂಕುಗಳಲ್ಲೂ ಕೇಳಿಬರುತ್ತದೆ. ಇದು ಕಾರ್ಯಕಾರಣವನ್ನು ತಲೆಕೆಳಗು ಮಾಡುತ್ತದೆ. ಒತ್ತಡ ಏರುವುದು ಶಾಖದ ಫಲ. ಗಾಳಿ ಇಳಿಸಿದರೆ ಶಾಖ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಕಂಪನಿ ಸೂಚಿಸುವ ಅಂಕಿ ತಣ್ಣನೆಯ ಟೈರಿನದು. ಓಡುವಾಗ ಅದು ಏರುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿದೇ ಆ ಅಂಕಿಯನ್ನು ಕೊಟ್ಟಿರುತ್ತಾರೆ.

ಲೆಕ್ಕ ಹೀಗಿದೆ. ಸಮುದ್ರಮಟ್ಟದಲ್ಲಿ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗೇಜು 30 ತೋರಿಸಿದರೆ ಟೈರಿನೊಳಗಿನ ನಿರಪೇಕ್ಷ ಒತ್ತಡ 44.7 ಪಿಎಸ್‌ಐ. ಒಳಗಿನ ಗಾಳಿ 57 ಡಿಗ್ರಿಗೆ ಬಿಸಿಯಾದರೆ ಇದು ಹತ್ತನೆಯ ಒಂದು ಪಾಲು ಏರಿ ಗೇಜಿನಲ್ಲಿ 34.5 ಕಾಣಿಸುತ್ತದೆ. ಜಾಸ್ತಿಯಾಯಿತೆಂದು ಅಲ್ಲೇ 30ಕ್ಕೆ ಇಳಿಸಿದರೆ, ಟೈರ್ ಮತ್ತೆ 27 ಡಿಗ್ರಿಗೆ ತಣಿದಾಗ ಉಳಿಯುವುದು ಸುಮಾರು 26. ಎಕ್ಸ್‌ಪ್ಲೋರರ್‌ನಲ್ಲಿ ವಿವಾದಕ್ಕೆ ಗುರಿಯಾದ ಅಂಕಿಗೆ ನಾವು ಒಂದೇ ನಿಮಿಷದಲ್ಲಿ ಬಂದು ನಿಲ್ಲುತ್ತೇವೆ.

ಎತ್ತರದ ಪರಿಣಾಮ ಇದಕ್ಕಿಂತ ಚಿಕ್ಕದು. ಬೆಂಗಳೂರಿನಲ್ಲಿ 30 ತುಂಬಿಸಿ ಶಿರಾಡಿ ಘಾಟಿ ಇಳಿದು ಮಂಗಳೂರು ಸೇರಿದರೆ, ವಾತಾವರಣದ ಒತ್ತಡ ಹೆಚ್ಚಿರುವ ಕಾರಣದಿಂದಲೇ ಗೇಜು ಸುಮಾರು ಒಂದೂವರೆ ಪಿಎಸ್‌ಐ ಕಡಿಮೆ ತೋರಿಸುತ್ತದೆ. ಕರಾವಳಿಯ ಸೆಕೆ ಇದರಲ್ಲಿ ಒಂದಷ್ಟು ಪಾಲನ್ನು ಸರಿದೂಗಿಸುತ್ತದೆ.

5. ನೀರು ನಿಂತ ರಸ್ತೆ

1963ರಲ್ಲಿ ನಾಸಾದ ವಾಲ್ಟರ್ ಹಾರ್ನ್ ಮತ್ತು ರಾಬರ್ಟ್ ಡ್ರೆಹರ್ ಪ್ರಕಟಿಸಿದ ಅಧ್ಯಯನದಂತೆ, ಟೈರ್ ನೆಲ ಬಿಟ್ಟು ನೀರಿನ ಮೇಲೆ ತೇಲತೊಡಗುವ ವೇಗ ಒತ್ತಡದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಅವರ ಸೂತ್ರದ ಪ್ರಕಾರ 30 ಪಿಎಸ್‌ಐನಲ್ಲಿ ಇದು ಗಂಟೆಗೆ ಸುಮಾರು 91 ಕಿ.ಮೀ., 26ರಲ್ಲಿ 85, 18ರಲ್ಲಿ 71. ಸೂತ್ರ ಹುಟ್ಟಿದ್ದು ವಿಮಾನದ ಟೈರುಗಳ ಅಧ್ಯಯನದಿಂದ. ಟ್ರೆಡ್ಡಿನ ಆಳ, ನೀರಿನ ಮಟ್ಟಕ್ಕೆ ತಕ್ಕಂತೆ ಅಂಕಿ ಬದಲಾಗುತ್ತದೆ, ದಿಕ್ಕು ಬದಲಾಗುವುದಿಲ್ಲ. ಮಲೆನಾಡಿನ ಜೀಪುದಾರಿಯಿಂದ ಇಳಿದು ಗಾಳಿ ತುಂಬಿಸದೆ ಮಳೆಗಾಲದ ಹೆದ್ದಾರಿ ಹಿಡಿಯುವವರಿಗೆ ಶಾಖದ ಜತೆಗೆ ಇದೂ ಒಂದು ಅಪಾಯ.

6. ನಿರ್ಣಯದ ಕ್ರಮ

ಮೂಲ ಅಳತೆಯ ಟೈರೇ ಇದ್ದರೆ ಚಾಲಕನ ಬಾಗಿಲ ಚೌಕಟ್ಟಿನ ಪಟ್ಟಿಯಲ್ಲಿರುವ ತಣ್ಣನೆಯ ಒತ್ತಡವನ್ನು ಕನಿಷ್ಠವೆಂದು ಹಿಡಿಯಬೇಕು. ಪೂರ್ಣ ಹೊರೆಗೆ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನು. ಟೈರಿನ ಪಕ್ಕೆಯ ಮೇಲೆ ಅಚ್ಚಾದ ಗರಿಷ್ಠ ಒತ್ತಡ ಆ ಟೈರಿನ ಮಿತಿ, ವಾಹನಕ್ಕೆ ಕೊಟ್ಟ ಸಲಹೆಯಲ್ಲ.

ಥಾರ್, ಜಿಮ್ನಿಯಂಥ ವಾಹನಗಳಿಗೆ ಬೇರೆ ಟೈರ್ ಹಾಕಿಸಿದಾಗ ಬಾಗಿಲ ಪಟ್ಟಿಯ ಅಂಕಿ ನೇರವಾಗಿ ಅನ್ವಯಿಸುವುದಿಲ್ಲ. ಲಘು ಟ್ರಕ್ಕಿನ ವರ್ಗದ ಟೈರಿಗೆ ಅಷ್ಟೇ ಹೊರೆ ಹೊರಲು ಸರಿಸುಮಾರು ಅದೇ ಅಳತೆಯ ಕಾರಿನ ಟೈರಿಗಿಂತ ಹೆಚ್ಚು ಒತ್ತಡ ಬೇಕು. ಪ್ರತಿ ಅಚ್ಚಿನ ಮೇಲೆ ಬೀಳುವ ತೂಕವನ್ನು ವೇಬ್ರಿಡ್ಜಿನಲ್ಲಿ ಅಳೆದು, ತಯಾರಕರ ಹೊರೆ–ಒತ್ತಡ ಕೋಷ್ಟಕದೊಂದಿಗೆ ಹೋಲಿಸುವುದೇ ಸರಿಯಾದ ದಾರಿ.

ಆಸ್ಟ್ರೇಲಿಯದ ಚಾಲಕರು ಪರಿಶೀಲನೆಗೆ ಬಳಸುವ ಒಂದು ರೂಢಿ ಉಪಯುಕ್ತ: ಹೆದ್ದಾರಿಯಲ್ಲಿ ಓಡಿಸಿ ಅಳೆದಾಗ ಒತ್ತಡ ತಣ್ಣನೆಯ ಅಂಕಿಗಿಂತ ಸುಮಾರು 4 ಪಿಎಸ್‌ಐ, ಲಘು ಟ್ರಕ್ ಟೈರಿನಲ್ಲಾದರೆ 6 ಪಿಎಸ್‌ಐ ಏರಿರಬೇಕು. ಅದಕ್ಕಿಂತ ಹೆಚ್ಚು ಏರಿದ್ದರೆ ಟೈರ್ ಅತಿಯಾಗಿ ಬಾಗುತ್ತಿದೆ, ಗಾಳಿ ಸಾಲದು ಎಂದರ್ಥ. ಟ್ರೆಡ್ಡಿಗೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆದು ಸ್ವಲ್ಪ ದೂರ ಓಡಿಸಿ ನೋಡುವ ಕ್ರಮವೂ ಇದೆ. ಗೆರೆ ನಡುವೆ ಮಾತ್ರ ಅಳಿಸಿದರೆ ಗಾಳಿ ಹೆಚ್ಚು, ಅಂಚುಗಳಲ್ಲಿ ಮಾತ್ರ ಅಳಿಸಿದರೆ ಕಡಿಮೆ. ಇದು ನೆಲ ತಾಗುವ ಬಗೆಯನ್ನು ತೋರಿಸುತ್ತದೆ, ಶಾಖವನ್ನಲ್ಲ. ಆದ್ದರಿಂದ ಕೋಷ್ಟಕದ ಕನಿಷ್ಠಕ್ಕಿಂತ ಕೆಳಗಿಳಿಯಲು ಇದನ್ನು ಆಧಾರವಾಗಿಸಬಾರದು.

ಎಚ್ಚರಿಕೆ ದೀಪವನ್ನೇ ನಂಬುವುದೂ ಸಲ್ಲದು. ಫೈರ್‌ಸ್ಟೋನ್ ಪ್ರಕರಣದ ಬೆನ್ನಿಗೆ 2000ದ ನವೆಂಬರ್‌ನಲ್ಲಿ ಬಂದ ಕಾಯ್ದೆಯಿಂದ ಅಮೆರಿಕದಲ್ಲಿ ಒತ್ತಡ ನಿಗಾ ವ್ಯವಸ್ಥೆ ಕಡ್ಡಾಯವಾಯಿತು. ಆದರೆ ಅಲ್ಲಿನ ಮಾನದಂಡದಂತೆ ಸೂಚಿತ ಒತ್ತಡ ಶೇ. 25ರಷ್ಟು ಕುಸಿದ ಮೇಲಷ್ಟೇ ದೀಪ ಹೊತ್ತಿಕೊಂಡರೂ ಸಾಕು. ಆ ಹೊತ್ತಿಗೆ ಸುರಕ್ಷತೆಯ ಅಂತರ ಬಹಳಷ್ಟು ಕರಗಿರುತ್ತದೆ.

7. ಸಮಾರೋಪ

ಹೆದ್ದಾರಿಯ ಸರಿಯಾದ ಒತ್ತಡವೆಂದರೆ ಆ ದಿನದ ಹೊರೆಯನ್ನು ಆ ವೇಗದಲ್ಲಿ ಅತಿಯಾಗಿ ಬಿಸಿಯಾಗದೆ ಹೊರಬಲ್ಲ ತಣ್ಣನೆಯ ಒತ್ತಡ. ವಾಹನದ ಸ್ಥಿರತೆಯ ಕೊರತೆಯನ್ನು ಗಾಳಿ ಇಳಿಸಿ ಮುಚ್ಚಬಾರದು. ಅದು ವಿನ್ಯಾಸದಲ್ಲೇ ಬಗೆಹರಿಯಬೇಕಾದ ಪ್ರಶ್ನೆ. ಕಾಡುದಾರಿಯಲ್ಲಿ ಗಾಳಿ ಇಳಿಸಿದವರು ಕಂಪ್ರೆಸರ್ ಸಿಗುವವರೆಗೆ ವೇಗವನ್ನೂ ಇಳಿಸಲೇಬೇಕು. ಬೇರೆ ಅಳತೆಯ ಟೈರ್ ಹಾಕಿಕೊಡುವ ಅಂಗಡಿಯವರು ಹೊಸ ಹೊರೆ–ಒತ್ತಡದ ಅಂಕಿಯನ್ನು ಬರೆದು ಬಾಗಿಲ ಪಟ್ಟಿಯ ಪಕ್ಕದಲ್ಲೇ ಅಂಟಿಸಿಕೊಡುವುದು ನಮ್ಮಲ್ಲೂ ನಿಯಮವಾಗಬೇಕು. ಮಾಲೀಕ ಬದಲಾದರೂ, ಚಾಲಕ ಬದಲಾದರೂ ಆ ಟೈರಿಗೆ ಬೇಕಾದ ಗಾಳಿ ಎಷ್ಟೆಂಬುದು ಆಗ ವಾಹನದ ಮೇಲೆಯೇ ಇರುತ್ತದೆ.