ಮಾಳಿಗೆಗೆ ಮಿತ್ರ, ನೆಲಕ್ಕೆ ಶತ್ರು

ಕೊಪ್ಪಳ ಜಿಲ್ಲೆಯ ಕುಕನೂರು 9ನೇ ಶತಮಾನದ ನವಲಿಂಗ ಗುಡಿಗಳಿಗೆ ಹೆಸರಾದ ಊರು. ಈ ಸೀಮೆಯ ಹಳೆಯ ಮನೆಗಳಲ್ಲಿ ಇನ್ನೊಂದು ಪರಂಪರೆಯೂ ಇದೆ. ಮಳೆಗಾಲಕ್ಕೆ ಮುನ್ನ ಮಣ್ಣಿನ ಮಾಳಿಗೆಯ ಮೇಲೆ ಸವಳು ಮಣ್ಣು ಹರಡುವುದು ಇಲ್ಲಿನ ರೂಢಿ. ಹೊಲಕ್ಕೆ ಬೇಡವಾದ ಈ ಉಪ್ಪು ಮಣ್ಣು ಮಾಳಿಗೆಗೆ ಮಾತ್ರ ಬೇಕು. ಇದರಲ್ಲಿ ಹುಲ್ಲು ಸುಲಭವಾಗಿ ಬೇರೂರದು. ಸೋಡಿಯಂ ಹೆಚ್ಚಿರುವುದರಿಂದ ನೆನೆದಾಗ ಇದರ ಸಣ್ಣ ಕಣಗಳು ಬಿಡಿಬಿಡಿಯಾಗಿ ಹರಡಿ ಸಂದುಗಳನ್ನು ಮುಚ್ಚುತ್ತವೆ, ನೀರು ಕೆಳಗಿಳಿಯುವುದಿಲ್ಲ.

ಅದೇ ಉಪ್ಪು ನೆಲಕ್ಕೆ, ಗೋಡೆಯ ಬುಡಕ್ಕೆ ಸೇರಿದರೆ ಕೇಡು. ತೇವದ ಜೊತೆ ಕರಗಿ ಮೇಲೇರಿದ ಉಪ್ಪು, ನೀರು ಆರಿದ ಮೇಲೆ ರಂಧ್ರಗಳಲ್ಲೇ ಹರಳುಗಟ್ಟುತ್ತದೆ. ಹರಳು ಬೆಳೆದಂತೆ ಗಾರೆ ಉದುರುತ್ತದೆ, ಕಲ್ಲಿನ ಪದರವೂ ಏಳುತ್ತದೆ. ಬಿಳಿ ಪುಡಿ ಕಂಡೊಡನೆ ಕೊಡಗಟ್ಟಲೆ ನೀರು ಸುರಿದು ತೊಳೆದರೆ ಉಪ್ಪು ಮತ್ತೆ ಕರಗಿ ಒಳಗೇ ಇಳಿಯುತ್ತದೆ. ಮೊದಲು ಒಣಗಿದ ಪುಡಿಯನ್ನು ಕಸಬರಿಗೆಯಿಂದ ಗುಡಿಸಿ ಹೊರಹಾಕಬೇಕು.

ಉಪ್ಪು ಮಣ್ಣನ್ನು ಚೆನ್ನಾಗಿ ಅರಿತವರು ಉಪ್ಪಾರರು. ಮಣ್ಣು ಕೆರೆದು, ನೀರಿನಲ್ಲಿ ಸೋಸಿ, ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುವುದು ಅವರ ಕುಲಕಸುಬಾಗಿತ್ತು. ನೆರೆಯ ಬಳ್ಳಾರಿಯಂಥ ಬ್ರಿಟಿಷ್ ಆಡಳಿತದ ಜಿಲ್ಲೆಗಳಲ್ಲಿ ಉಪ್ಪಿನ ತೆರಿಗೆ ಮತ್ತು ಸರಕಾರದ ಏಕಸ್ವಾಮ್ಯ ಈ ಕಸುಬಿಗೆ ಪೆಟ್ಟು ಕೊಟ್ಟವು. ಆ ಸಮುದಾಯದ ಅನೇಕರು ಗೋಡೆ ಕಟ್ಟುವ, ಮಣ್ಣು ಅಗೆಯುವ ಕೆಲಸವನ್ನು ಆಶ್ರಯಿಸಿದರು.

ಸಾವಿರಾರು ಮೈಲಿ ದೂರದ ಡೆಟ್ರಾಯಿಟ್‌ನಲ್ಲಿ ಉಪ್ಪು ಬರುವುದು ಕಾರಿನ ಗಾಲಿಗೆ ಅಂಟಿಕೊಂಡು. 2002ರಲ್ಲಿ ಅಕ್ಕ ಸಮ್ಮೇಳನ ನಡೆದ ಈ ನಗರದ ಕೆಳಗೆ, ಸಾವಿರ ಅಡಿಗೂ ಹೆಚ್ಚು ಆಳದಲ್ಲಿ, ಉಪ್ಪಿನ ಗಣಿಯೇ ಇದೆ. ರಸ್ತೆಯ ಮಂಜುಗಡ್ಡೆ ಕರಗಿಸಲು ಉಪ್ಪು ಚೆಲ್ಲುವ ಪದ್ಧತಿ ಅಮೆರಿಕದಲ್ಲಿ ವ್ಯಾಪಕವಾಗತೊಡಗಿದ್ದು 1940ರ ದಶಕದಲ್ಲಿ. 1941-42ರ ಚಳಿಗಾಲದಲ್ಲಿ ದೇಶದ ಹೆದ್ದಾರಿಗಳಿಗೆ ಬಿದ್ದದ್ದು ಸುಮಾರು 5,000 ಟನ್; ಇಂದು ವರ್ಷಕ್ಕೆ ಸುಮಾರು 2 ಕೋಟಿ ಟನ್ ಎಂಬ ಅಂದಾಜಿದೆ. ಕಾರು ನಿಲ್ಲಿಸುವ ಗ್ಯಾರೇಜಿನಲ್ಲಿ ಹಿಮ ಕರಗಿ ಉಪ್ಪುನೀರು ಕಾಂಕ್ರೀಟಿಗೆ ಇಳಿಯುತ್ತದೆ. ಹೆಪ್ಪುಗಟ್ಟಿ ಕರಗುವ ಆಟದಲ್ಲಿ ನೆಲದ ಮೇಲ್ಮೈ ಕಿತ್ತುಬರುತ್ತದೆ. ಅಲ್ಲಿನ ಮದ್ದೂ ಇದೇ: ಕೆಸರುನೀರನ್ನು ಆರುವ ಮುನ್ನ ರಬ್ಬರ್ ಪಟ್ಟಿಯಿಂದ ಹೊರಗೆ ತಳ್ಳುವುದು, ಒಣಗಿದ್ದನ್ನು ಗುಡಿಸುವುದು, ಉಳಿದ ಕಲೆಯನ್ನು ಸ್ವಲ್ಪವೇ ನೀರಿನಲ್ಲಿ ಒರೆಸಿ ಆ ನೀರನ್ನು ಬಟ್ಟೆಯಿಂದ ಹೀರಿ ತೆಗೆಯುವುದು. ನೆಲ ಪೂರ್ತಿ ಒಣಗಿದ ಮೇಲೆ ರಂಧ್ರ ಮುಚ್ಚುವ ಲೇಪನ ಹಚ್ಚುತ್ತಾರೆ.

ಈ ಪಾಠ ಕುಕನೂರಿಗೂ ಈಗ ಹೊಸದಾಗಿ ಬೇಕಾಗಿದೆ. ಮಣ್ಣಿನ ಮಾಳಿಗೆಯ ಜಾಗಕ್ಕೆ ಕಾಂಕ್ರೀಟ್ ಬರುತ್ತಿದೆ. ಉಪ್ಪು ಮಿಶ್ರಿತ ಮರಳು ಅಥವಾ ಸವಳು ನೀರಿನಲ್ಲಿ ಕಾಂಕ್ರೀಟ್ ಕಲಸಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಚಾವಣಿ ಬಿರುಕು ಬಿಡುತ್ತದೆ. ಮಣ್ಣಿನ ಮಾಳಿಗೆಯನ್ನು ಕಾಯುತ್ತಿದ್ದ ಉಪ್ಪೇ ಕಾಂಕ್ರೀಟಿನ ಮಾಳಿಗೆಯನ್ನು ಕೆಡಿಸಬಲ್ಲದು. ಉಪ್ಪನ್ನು ಎಲ್ಲಿಡಬೇಕು, ಎಲ್ಲಿಂದ ದೂರವಿಡಬೇಕು ಎಂಬ ಹಿರಿಯರ ವಿವೇಕವನ್ನು ಹೊಸ ಮನೆಗೂ ಒಯ್ಯಬೇಕಾಗಿದೆ.