ಗೊರಕೆಯಿಂದ ರೋಗನಿದಾನದವರೆಗೆ: ಬೆಳಗಾವಿ–ಖಾನಾಪುರ ಸೀಮೆಯ ಒಂದು ವೈದ್ಯಕೀಯ ಇತಿಹಾಸ

ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗವು ಮುಚ್ಚಿಕೊಳ್ಳುವುದರಿಂದ ಉಸಿರು ಕನಿಷ್ಠ 10 ಸೆಕೆಂಡುಗಳಷ್ಟು ಕಾಲ ನಿಂತು, ಬಳಿಕ ಮತ್ತೆ ಆರಂಭವಾಗುವ ಕ್ರಿಯೆ ರಾತ್ರಿಯಿಡೀ ಮರುಕಳಿಸಿದರೆ ಅದನ್ನು ವೈದ್ಯರು ಸ್ಲೀಪ್ ಅಪ್ನಿಯಾ ಎಂದು ಗುರುತಿಸುತ್ತಾರೆ. ಈ ಹೆಸರು ಇಪ್ಪತ್ತನೆಯ ಶತಮಾನದ ಉತ್ತರಾರ್ಧದ್ದಾದರೂ ಲಕ್ಷಣಗಳು ಬಹು ಹಿಂದೆಯೇ ಕಂಡುಬಂದಿದ್ದವು. ಆಯುರ್ವೇದ ಮತ್ತು ಆಧುನಿಕ ವೈದ್ಯ ಎರಡರ ಬೋಧನೆಯೂ ದೀರ್ಘಕಾಲದಿಂದ ನಡೆದುಬಂದಿರುವ ಬೆಳಗಾವಿಯಲ್ಲಿ ಈ ಅರಿವು ಬೆಳೆದ ಬಗೆಯನ್ನು ಒಂದೇ ಊರಿನಲ್ಲಿ ಗಮನಿಸಬಹುದು.

1916ರಲ್ಲಿ ಸ್ಥಾಪನೆಯಾದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯ ಆಶ್ರಯದಲ್ಲಿರುವ, ಬೆಳಗಾವಿಯ ಶಹಾಪುರದ ಆಯುರ್ವೇದ ಮಹಾವಿದ್ಯಾಲಯದ ಇತಿಹಾಸ 1933ರಿಂದ ಆರಂಭವಾಗುತ್ತದೆ. ಆಯುರ್ವೇದ ವಿದ್ಯಾರ್ಥಿಗಳು ಓದುವ ಸುಶ್ರುತಸಂಹಿತೆ ಮತ್ತು ಮಾಧವನಿದಾನಗಳಲ್ಲಿ ಮೇದೋರೋಗದ, ಅಂದರೆ ಅತಿಬೊಜ್ಜಿನ, ಲಕ್ಷಣಗಳಾಗಿ ಅಲ್ಪ ಶ್ರಮಕ್ಕೇ ಏದುಸಿರು, ಅತಿನಿದ್ರೆ, ಬೆವರುಗಳ ಜೊತೆಗೆ ಕ್ರಥನವೂ ಸೇರಿದ್ದು, ವ್ಯಾಖ್ಯಾನಕಾರರು ಇದನ್ನು ಉಸಿರು ಹಠಾತ್ತನೆ ಕಟ್ಟಿಕೊಳ್ಳುವುದೆಂದು ವಿವರಿಸುತ್ತಾರೆ. ಆದರೆ ಇವೆಲ್ಲ ಬೊಜ್ಜಿನ ಉಪಲಕ್ಷಣಗಳಾಗಿಯೇ ಉಳಿದವು. ಜನರೂ ಜೋರು ಗೊರಕೆಯನ್ನು ಗಾಢನಿದ್ರೆಯ ಗುರುತೆಂದೇ ನಂಬಿದರು, ಹಗಲಿನಲ್ಲಿ ತೂಕಡಿಸುವವನನ್ನು ಕುಂಭಕರ್ಣನೆಂದು ಹಾಸ್ಯಮಾಡಿದರು.

ಪಾಶ್ಚಾತ್ಯ ವೈದ್ಯವೂ ಇದೇ ಎಡವಟ್ಟಿನಲ್ಲಿ ಬಹುಕಾಲ ಉಳಿಯಿತು. ಬೆಳಗಾವಿ ಜಿಲ್ಲೆಯು ಮುಂಬಯಿ ರಾಜ್ಯದಿಂದ ಬೇರ್ಪಟ್ಟು ಮೈಸೂರು ರಾಜ್ಯವನ್ನು ಸೇರಿದ 1956ರಲ್ಲಿ, ಅಮೆರಿಕದ ಬರ್ವೆಲ್ ಮತ್ತು ಸಂಗಡಿಗರು ಸ್ಥೂಲಕಾಯ ಹಾಗೂ ಅತಿನಿದ್ರೆಗಳ ಜೋಡಿಗೆ, ಡಿಕನ್ಸ್‌ನ ‘ಪಿಕ್‌ವಿಕ್ ಪೇಪರ್ಸ್’ನಲ್ಲಿ ಸದಾ ನಿದ್ದೆಹೋಗುವ ದಪ್ಪ ಹುಡುಗನನ್ನು ನೆನೆದು, ಪಿಕ್‌ವಿಕಿಯನ್ ಸಿಂಡ್ರೋಮ್ ಎಂದು ಹೆಸರಿಟ್ಟರು; ಆದರೆ ನಿದ್ರೆಯಲ್ಲಿ ಉಸಿರು ನಿಲ್ಲುವುದು ಅವರ ವಿವರಣೆಯ ಕೇಂದ್ರವಾಗಲಿಲ್ಲ. ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯವು ಬೆಳಗಾವಿಯಲ್ಲಿ ಆರಂಭವಾದದ್ದು 1963ರಲ್ಲಿ. ಫ್ರಾನ್ಸ್ ಮತ್ತು ಜರ್ಮನಿಯ ಸಂಶೋಧಕರು ನಿದ್ರಿಸುತ್ತಿರುವ ರೋಗಿಗಳ ಉಸಿರಾಟವನ್ನು ದಾಖಲಿಸಿ ಅದರ ನಿಲುಗಡೆಗಳನ್ನು ತೋರಿಸಿದ್ದು 1965ರಲ್ಲಿ. ನಿದ್ರಾ ಸಂಶೋಧಕ ಗಿಯ್ಯೆಮಿನೋ ಮತ್ತು ಸಹೋದ್ಯೋಗಿಗಳು 1976ರಲ್ಲಿ ಈ ರೋಗಕ್ಕೆ ಇಂದಿನ ಹೆಸರನ್ನು ಖಚಿತಪಡಿಸಿದ ಕಾರಣ, ಬೆಳಗಾವಿಯ ಈ ಮಹಾವಿದ್ಯಾಲಯದಿಂದ ಹೊರಬಂದ ಮೊದಲ ತಂಡಗಳ ವೈದ್ಯರಿಗೆ ಅದು ಪಠ್ಯದ ಪ್ರತ್ಯೇಕ ವಿಷಯವಾಗಿರಲು ಸಾಧ್ಯವಿರಲಿಲ್ಲ. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಮೂಗಿನ ಮುಖವಾಡದ ಮೂಲಕ ಒತ್ತಡದ ಗಾಳಿಯನ್ನು ಹಾಯಿಸಿ ಶ್ವಾಸಮಾರ್ಗವನ್ನು ತೆರೆದಿಡುವ ಸಿಪ್ಯಾಪ್ ವಿಧಾನವನ್ನು ಪ್ರಕಟಿಸಿದ ಬಳಿಕವೇ, ಅದುವರೆಗಿನಂತೆ ಗಂಟಲಿನಲ್ಲಿ ರಂಧ್ರ ಕೊರೆಯದೆ ಚಿಕಿತ್ಸೆ ನೀಡುವ ದಾರಿ ತೆರೆಯಿತು.

ಚಿಕಿತ್ಸೆ ದೊರೆತ ಮೇಲೆ ರೋಗವನ್ನು ಬೇಗ ಗುರುತಿಸುವ ಸಾಧನಗಳು ಬಂದವು. 1991ರ ಎಪ್‌ವರ್ತ್ ಮಾಪಕವು ಓದುವಾಗ, ಕುಳಿತಾಗ, ಪ್ರಯಾಣಿಸುವಾಗ ನಿದ್ದೆ ಬರುವ ಸಾಧ್ಯತೆಯನ್ನು ಅಳೆದರೆ, 2008ರಲ್ಲಿ ಕೆನಡಾದಲ್ಲಿ ರೂಪುಗೊಂಡ ಸ್ಟಾಪ್-ಬ್ಯಾಂಗ್ ಪ್ರಶ್ನಾವಳಿಯು ಗೊರಕೆ, ದಣಿವು, ಉಸಿರು ನಿಂತದ್ದನ್ನು ಇತರರು ಕಂಡಿರುವುದು, ರಕ್ತದೊತ್ತಡ, ಸ್ಥೂಲತೆ, ವಯಸ್ಸು, ಕತ್ತಿನ ಸುತ್ತಳತೆ ಮತ್ತು ಪುರುಷ ಲಿಂಗ ಎಂಬ ಎಂಟು ಅಂಶಗಳನ್ನು ಕೇಳುತ್ತದೆ. ಇವುಗಳಲ್ಲಿ ಪಕ್ಕದಲ್ಲಿ ಮಲಗಿದವರ ಮಾತಿಗೆ ಬೆಲೆ ಹೆಚ್ಚು: ಏರುತ್ತ ಬಂದ ಗೊರಕೆ ಥಟ್ಟನೆ ನಿಲ್ಲುತ್ತದೆ, ಎದೆ ಮತ್ತು ಹೊಟ್ಟೆಗಳು ಎಳೆದಾಡುತ್ತಿದ್ದರೂ ಗಾಳಿ ಒಳಗೆ ಹೋಗುವುದಿಲ್ಲ, ಕೊನೆಗೆ ಬೆಚ್ಚಿಬಿದ್ದಂತೆ ಮೈ ಜಗ್ಗಿ ದೊಡ್ಡ ಉಸಿರೊಂದು ಬಂದು ಗೊರಕೆ ಮರಳುತ್ತದೆ, ಗೊರಕೆ ಹೊಡೆದವನಿಗೆ ಬೆಳಿಗ್ಗೆ ತಲೆನೋವು ಮತ್ತು ಒಣಗಿದ ಬಾಯಿಯ ಹೊರತು ಏನೂ ನೆನಪಿರುವುದಿಲ್ಲ. ರಾತ್ರಿಯಿಡೀ ಮೆದುಳು, ಉಸಿರು ಮತ್ತು ಆಮ್ಲಜನಕವನ್ನು ದಾಖಲಿಸುವ ಪಾಲಿಸೋಮ್ನೋಗ್ರಫಿ ಪರೀಕ್ಷೆಯಲ್ಲಿ, ಗಂಟೆಗೆ 5ರಿಂದ 15 ಅಡಚಣೆಗಳಿದ್ದರೆ ಸೌಮ್ಯ, 30ಕ್ಕಿಂತ ಹೆಚ್ಚಿದ್ದರೆ ತೀವ್ರ ಎಂದು ವಿಂಗಡಿಸಲಾಗುತ್ತದೆ.

ಬೆಳಗಾವಿಯಿಂದ ಸುಮಾರು 25 ಕಿಲೋಮೀಟರ್ ದೂರದ ಖಾನಾಪುರ ತಾಲೂಕಿನಲ್ಲಿ ಈ ಅರಿವಿಗೆ ವಿಶೇಷ ಮಹತ್ವವಿದೆ. ಜಾಂಬೋಟಿಯ ಮೂಲಕ ಚೋರ್ಲಾ ಘಾಟಿಯನ್ನಿಳಿದು ಗೋವೆಗೆ ಹೋಗುವ ರಸ್ತೆಯ ತಿರುವುಗಳಲ್ಲಿ ವಾಹನ ನಡೆಸುವವನ ಹಗಲಿನ ಜೊಂಪನ್ನು ರಾತ್ರಿಯ ದುಡಿಮೆಯ ಫಲವೆಂದಷ್ಟೇ ತಿಳಿದರೆ ರೋಗವು ಪತ್ತೆಯಾಗದೆ ಉಳಿಯುತ್ತದೆ. ಪರೀಕ್ಷಾ ಯಂತ್ರಗಳು ತಡವಾಗಿ ಬಂದವು, ಸಾಕ್ಷಿಗಳು ಮಾತ್ರ ಎಲ್ಲ ಕಾಲಕ್ಕೂ ಮನೆಯಲ್ಲೇ ಇದ್ದರು. ಆದುದರಿಂದ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ನೋಡಿಸಿಕೊಳ್ಳಲು ಬಂದವರ ಮನೆಮಂದಿಯನ್ನು ಗೊರಕೆಯ ನಡುವೆ ಉಸಿರು ನಿಲ್ಲುವುದೇ ಎಂದು ಕೇಳುವುದು ರೂಢಿಯಾಗಬೇಕು. ಹೌದೆಂದರೆ ಆ ರೋಗಿಯನ್ನು ನಿದ್ರಾಪರೀಕ್ಷೆಗೆ ಕಳುಹಿಸಬೇಕು.